ಆಲ್ಟರ್, ಮಾಡಿಫೈ, ಕನ್ವರ್ಟ್: ಎಲ್ಲಾ 'ಬದಲಾಯಿಸು'ನೇ, ಆದರೆ ಒಂದೇ ಅಲ್ಲ

ಹೋದ ವಾರ ಧಾರವಾಡದಲ್ಲಿ ಟೇಲರ್ ಅಂಗಡಿಗೆ ಹೋಗಿ, "ಸೊಂಟ ಒಂದಿಂಚು ಬಿಡಬೇಕ್ರೀ" ಅಂತ ಪ್ಯಾಂಟು ಕೊಟ್ಟೆ. ಅವರು ಒಳಗಿನ ಹೊಲಿಗೆ ತಿರುವಿ ನೋಡಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಚೀಟಿಯಲ್ಲಿ ಒಂದೇ ಪದ ಬರೆದರು: ಆಲ್ಟರ್. ಎಷ್ಟು ಸರಿಯಾದ ಪದ ಅಲ್ವಾ! ಪ್ಯಾಂಟು ಅದೇ, ಬಟ್ಟೆ ಅದೇ, ಅಳತೆ ಮಾತ್ರ ಬೇರೆ.

ನಮಗೆ 'ಬದಲಾಯಿಸು' ಅಂದರೆ ಎಲ್ಲಾ ಕೆಲಸ ನಡೆಯುತ್ತೆ. ಅದಕ್ಕೇ ಇಂಗ್ಲಿಷ್ ಬರೆಯುವಾಗ ತಡವರಿಸುತ್ತೇವೆ. ಆಗ ನಾನು ಕೇಳಿಕೊಳ್ಳೋದು ಒಂದೇ ಪ್ರಶ್ನೆ: ಬದಲಾದ ಮೇಲೆ ಹಳೇದು ಎಷ್ಟು ಉಳಿಯಿತು?

ಚೇಂಜ್ ಎಲ್ಲಕ್ಕೂ ಹೊಂದುತ್ತೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೂ ಚೇಂಜೇ. ಬಸ್ ಚೇಂಜ್, ಸಿಮ್ ಚೇಂಜ್. 2014ರ ನವೆಂಬರ್ 1ರಂದು 'ಹುಬ್ಳಿ' ಅಧಿಕೃತವಾಗಿ 'ಹುಬ್ಬಳ್ಳಿ' ಆಯಿತಲ್ಲ, ಅದೂ ಚೇಂಜ್.

ಮಾಡಿಫೈ ಅಂದರೆ ಇದ್ದದ್ದನ್ನೇ ಇಟ್ಟುಕೊಂಡು, ಯಾವುದೋ ಉದ್ದೇಶಕ್ಕೆ ಸ್ವಲ್ಪ ತಿದ್ದೋದು. ಇದರ ಮೂಲದಲ್ಲಿರೋ ಲ್ಯಾಟಿನ್ ಪದ 'ಮೋಡಸ್'ಗೆ ಅಳತೆ, ರೀತಿ ಅಂತ ಅರ್ಥ. ಇಲ್ಲೊಂದು ತೊಡಕಿದೆ, ಇದು ನನಗೆ ಬಹಳ ಇಷ್ಟ. ಬೈಕಿಗೆ ಬೇರೆ ಹ್ಯಾಂಡಲ್, ಬೇರೆ ಸೈಲೆನ್ಸರ್ ಹಾಕಿಸಿದ ಹುಡುಗರು 'ಮಾಡಿಫೈ' ಅಂತಾರೆ, ಆದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಳಸೋ ಪದ 'ಆಲ್ಟರೇಷನ್', ಮತ್ತೆ ಅಲ್ಲಿ ಅದಕ್ಕೆ ವಾಹನದ ಮೂಲ ಲಕ್ಷಣವೇ ಬದಲಾಗುವಂಥ ರಚನೆಯ ಬದಲಾವಣೆ ಅಂತ ಅರ್ಥ. ಟೇಲರ್ ಚೀಟಿಯಲ್ಲಿ ಅಷ್ಟು ಸಣ್ಣದಾಗಿದ್ದ ಪದ ಕಾನೂನಿನಲ್ಲಿ ದೊಡ್ಡದಾಯಿತು! ಹಾಗಾಗಿ ಸುಮ್ನೆ ಡಿಕ್ಷನರಿ ನೋಡಿದರೆ ಸಾಲದು, ಪದವನ್ನು ಯಾರು ಎಲ್ಲಿ ಬಳಸುತ್ತಿದ್ದಾರೆ ಅಂತಲೂ ನೋಡಬೇಕು.

ಕನ್ವರ್ಟ್ ಅಂದರೆ ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಹೋಗೋದು. ಗೇಜ್ ಅಂದರೆ ರೈಲಿನ ಎರಡು ಹಳಿಗಳ ನಡುವಿನ ಅಂತರ. ಹುಬ್ಬಳ್ಳಿಯಲ್ಲಿ ಹಳೇ ಮೀಟರ್ ಗೇಜಿನ 1000 ಮಿ.ಮೀ. ಹೋಗಿ ಬ್ರಾಡ್ ಗೇಜಿನ 1676 ಮಿ.ಮೀ. ಆಯಿತು. ರೈಲ್ವೆಯವರು ಇದನ್ನು 'ಗೇಜ್ ಕನ್ವರ್ಷನ್' ಅಂತಾರೆ. ಒಂದು ಎಕರೆಯನ್ನು 40 ಗುಂಟೆ ಅಂತ ಬರೆದರೂ ಕನ್ವರ್ಟೇ. ಹೊಲ ಇದ್ದಲ್ಲೇ ಇರುತ್ತೆ, ಲೆಕ್ಕ ಬೇರೆ.

ಟ್ರಾನ್ಸ್‌ಫಾರ್ಮ್ ಮಾತ್ರ ಜಾಸ್ತಿ ತೂಕದ ಪದ. ರೂಪವೇ ಬೇರೆಯಾದಾಗ ಮಾತ್ರ ಬಳಸಿ. ಅಂಗಿಗೆ ಬೇರೆ ಗುಂಡಿ ಹಚ್ಚಿದ್ದಕ್ಕೆ ಬೇಡ. ಇನ್ನು ನಮ್ಮ ಪೇಡೆ? ಹಾಲು ಖೋವಾ ಆಗಿ, ಹುರಿದು ಕಂದಾಗಿ, ಸಕ್ಕರೆಯಲ್ಲಿ ಹೊರಳಿ ಕೈಗೆ ಬಂದಾಗ ಅದರಲ್ಲಿ ಹಾಲನ್ನು ಹುಡುಕಲಿಕ್ಕೇ ಆಗಲ್ಲ. ಅಲ್ಲಿ ಟ್ರಾನ್ಸ್‌ಫಾರ್ಮ್ ತಪ್ಪಲ್ಲ, ಆದರೆ ದಿನದ ಮಾತಿನಲ್ಲಿ ಇಂಗ್ಲಿಷಿನವರು 'ಟರ್ನ್ ಇಂಟು' ಅಂದುಬಿಡುತ್ತಾರೆ.