ಸಯಾಟಿಕಾ: ಸೊಂಟದಲ್ಲಿ ಹುಟ್ಟಿ ಕಾಲಿನಲ್ಲಿ ಕಾಡುವ ನೋವು

ಸೊಂಟದ ಕೆಳಭಾಗದಿಂದ ಹೊರಟು, ಪೃಷ್ಠವನ್ನು ಹಾದು, ತೊಡೆಯ ಹಿಂಬದಿಯಿಂದ ಮೀನಖಂಡದವರೆಗೆ, ಕೆಲವೊಮ್ಮೆ ಪಾದದ ಬೆರಳುಗಳವರೆಗೂ ಸೆಳೆಯುವ ನೋವನ್ನು ಸಯಾಟಿಕಾ ಎನ್ನುತ್ತಾರೆ. ಆಯುರ್ವೇದದಲ್ಲಿ ಇಂಥ ನೋವಿಗೆ ಗೃಧ್ರಸಿ ಎಂಬ ಹೆಸರಿದೆ. ಮುಂಬಯಿಯ ನಮ್ಮ ಮನೆಗಳಲ್ಲಿ ‘ನರ ಹಿಡಿದಿದೆ’ ಎಂದಷ್ಟೇ ಹೇಳಿ, ಮುಲಾಮು ಹಚ್ಚಿಕೊಂಡು ಲೋಕಲ್ ರೈಲು ಹಿಡಿಯುವವರೇ ಹೆಚ್ಚು. ಆದರೆ ಜ್ವರದಂತೆ ಇದೂ ಒಂದು ಲಕ್ಷಣವೇ ಹೊರತು ಸ್ವತಃ ಕಾಯಿಲೆಯಲ್ಲ. ಕಾರಣ ತಿಳಿಯದೆ ಚಿಕಿತ್ಸೆಯನ್ನು ನಿರ್ಧರಿಸಲಾಗದು.

ಸಯಾಟಿಕ್ ನರವು ದೇಹದ ಅತ್ಯಂತ ದಪ್ಪನೆಯ ನರ. ಬೆನ್ನುಮೂಳೆಯ ಕೆಳತುದಿಯಿಂದ ಹೊರಡುವ ಐದು ನರಬೇರುಗಳು ಕೂಡಿ ಅದು ರೂಪುಗೊಳ್ಳುತ್ತದೆ. ಕಶೇರುಗಳ, ಅಂದರೆ ಬೆನ್ನುಮೂಳೆಯ ಮಣಿಗಳ, ನಡುವೆ ಮೆತ್ತೆಯಂತಿರುವ ಡಿಸ್ಕ್ ಹೊರಚಾಚಿ ಈ ಬೇರುಗಳಲ್ಲೊಂದನ್ನು ಒತ್ತುವುದೇ ನೋವಿಗೆ ಸಾಮಾನ್ಯ ಕಾರಣವೆಂಬುದನ್ನು 1934ರಲ್ಲಿ ಬಾಸ್ಟನ್ನಿನ ವೈದ್ಯರಾದ ಮಿಕ್ಸ್ಟರ್ ಮತ್ತು ಬಾರ್ ಸ್ಪಷ್ಟವಾಗಿ ತೋರಿಸಿಕೊಟ್ಟರು. ಹೋಟೆಲಿನ ಗಲ್ಲಾದಲ್ಲಿ ದಿನವಿಡೀ ಕೂರುವವರಿಗೆ ಕುಳಿತಾಗ, ಬಗ್ಗಿದಾಗ, ಸೀನಿದಾಗ ಕಾಲಿಗೆ ಮಿಂಚು ಹೊಡೆದಂತಾದರೆ ಡಿಸ್ಕಿನ ಮೇಲೆ ಅನುಮಾನ ಬರುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ರೈಲ್ವೆ ಸೇತುವೆಯ ಮೇಲೆ ಸ್ವಲ್ಪ ನಡೆಯುವಷ್ಟರಲ್ಲಿ ಕಾಲು ಸೋತು, ಕಂಬಿಗೆ ಬಾಗಿ ನಿಂತೊಡನೆ ನಿರಾಳವಾಗುವ ಹಿರಿಯರಲ್ಲಿ ಬೆನ್ನುಮೂಳೆಯೊಳಗೆ ನರಗಳು ಸಾಗುವ ಕಾಲುವೆಯೇ ಕಿರಿದಾಗಿರುವ ಸಾಧ್ಯತೆ ಹೆಚ್ಚು.

ರೋಗಿಯನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಚದಂತೆ ಕಾಲನ್ನು ಮೆಲ್ಲನೆ ಎತ್ತಿದಾಗ ಸುಮಾರು 30ರಿಂದ 70 ಡಿಗ್ರಿಯೊಳಗೆ ನೋವು ಮೊಣಕಾಲಿನ ಕೆಳಗೂ ಸೆಳೆಯುತ್ತದೆಯೇ ಎಂದು ವೈದ್ಯರು ನೋಡುತ್ತಾರೆ. ಕಾಲಿನ ಹೆಬ್ಬೆರಳನ್ನು ಮೇಲೆತ್ತುವ ಬಲ, ಹಿಮ್ಮಡಿಯ ಸ್ಪರ್ಶ ಮುಂತಾದವು ಯಾವ ಬೇರು ಒತ್ತಡಕ್ಕೊಳಗಾಗಿದೆ ಎಂಬ ಸುಳಿವು ಕೊಡುತ್ತವೆ. ಮೊದಲ ದಿನವೇ ಎಂ.ಆರ್.ಐ. ಮಾಡಿಸಬೇಕೆಂದೇನಿಲ್ಲ. ನೋವೇ ಇಲ್ಲದ ಎಷ್ಟೋ ಜನರ ಚಿತ್ರದಲ್ಲೂ ಉಬ್ಬಿದ ಡಿಸ್ಕ್ ಕಾಣುವುದರಿಂದ, ವರದಿಯ ಒಂದು ಸಾಲಿಗೆ ಹೆದರಿ ಶಸ್ತ್ರಚಿಕಿತ್ಸೆಗೆ ಒಪ್ಪಿಕೊಳ್ಳುವುದು ಸರಿಯಲ್ಲವೆಂದು ನಾನು ಒತ್ತಿ ಹೇಳುತ್ತೇನೆ.

ಬಹುಪಾಲು ರೋಗಿಗಳ ನೋವು ಆರರಿಂದ ಹನ್ನೆರಡು ವಾರಗಳಲ್ಲಿ ಇಳಿಯುತ್ತದೆ. ವಾರಗಟ್ಟಲೆ ಹಾಸಿಗೆ ಹಿಡಿಯುವುದರಿಂದ ಪ್ರಯೋಜನವಿಲ್ಲ. ನೋವು ಬಿಟ್ಟುಕೊಟ್ಟಷ್ಟು ನಡೆದಾಡುವುದು, ಒಂದೇ ಭಂಗಿಯಲ್ಲಿ ಬಹಳ ಹೊತ್ತು ಕೂರದಿರುವುದು, ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮವನ್ನು ಬಿಡದೆ ಮಾಡುವುದು ಮುಖ್ಯ. ನೋವಿನ ಮಾತ್ರೆಗಳು ಹೊಟ್ಟೆಗೂ ಮೂತ್ರಪಿಂಡಕ್ಕೂ ತೊಂದರೆ ಕೊಡಬಲ್ಲವಾದ್ದರಿಂದ ಅವನ್ನು ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಬಾರದು. ಬೆನ್ನಿಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಕೆಲವರಿಗೆ ತಾತ್ಕಾಲಿಕ ಶಮನ ನೀಡುತ್ತದೆ. ಇಷ್ಟಾದರೂ ನೋವು ಬಗ್ಗದಿದ್ದರೆ ಡಿಸ್ಕಿನ ಹೊರಚಾಚಿದ ಭಾಗವನ್ನು ತೆಗೆಯುವ ಶಸ್ತ್ರಚಿಕಿತ್ಸೆಯಿದೆ. ನೆದರ್ಲೆಂಡ್ಸಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೇಗನೆ ಶಸ್ತ್ರಚಿಕಿತ್ಸೆಗೆ ಒಳಗಾದವರ ನೋವು ಬೇಗನೆ ಇಳಿದರೂ, ವರ್ಷದ ಕೊನೆಗೆ ಕಾದುನೋಡಿದವರೂ ಹೆಚ್ಚುಕಡಿಮೆ ಅವರಷ್ಟೇ ಗುಣ ಕಂಡಿದ್ದರು.

ಆದರೆ ಮೂತ್ರ ಕಟ್ಟಿಕೊಂಡರೆ, ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿ ಮತ್ತು ಗುದದ ಸುತ್ತ ಮರಗಟ್ಟಿದರೆ, ಇಲ್ಲವೇ ಪಾದ ಎತ್ತಲಾಗದಷ್ಟು ಸೋತು ಚಪ್ಪಲಿ ಜಾರತೊಡಗಿದರೆ ಒಂದು ದಿನವೂ ಕಾಯಬಾರದು. ಪರೇಲಿನ ಕೆ.ಇ.ಎಂ., ಸಯನ್ ಆಸ್ಪತ್ರೆಗಳಂಥ ಮಹಾನಗರಪಾಲಿಕೆಯ ದೊಡ್ಡ ಆಸ್ಪತ್ರೆಗಳಲ್ಲಿ ನರಶಸ್ತ್ರಚಿಕಿತ್ಸಾ ವಿಭಾಗವಿದೆ. ರಾತ್ರಿಯಾಗಿದ್ದರೂ ನೇರವಾಗಿ ಅಲ್ಲಿನ ತುರ್ತು ವಿಭಾಗಕ್ಕೆ ಹೋಗಬೇಕು.