ಯುದ್ಧ ಗೆದ್ದವರು ಯಾರು? ಫ್ರಾನ್ಸ್‌ನ ಉತ್ತರ ಬದಲಾದ ಬಗೆ

ಪ್ಯಾರಿಸ್‌ನಲ್ಲಿ ಸ್ಟಾಲಿನ್‌ಗ್ರಾಡ್ ಎಂಬ ಹೆಸರಿನ ಮೆಟ್ರೊ ನಿಲ್ದಾಣ ಇದೆ. ಸ್ಟಾಲಿನ್‌ಗ್ರಾಡ್ ಎಂದರೆ ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಸೇನೆ ಜರ್ಮನ್ನರನ್ನು ಸೋಲಿಸಿದ ಊರು. ರಷ್ಯಾದವರೇ ಆ ಊರಿನ ಹೆಸರನ್ನು 1961ರಲ್ಲಿ ವೋಲ್ಗೊಗ್ರಾಡ್ ಎಂದು ಬದಲಾಯಿಸಿಕೊಂಡರು. ಪ್ಯಾರಿಸ್‌ನಲ್ಲಿ ಮಾತ್ರ 1946ರಲ್ಲಿ ಇಟ್ಟ ಹೆಸರು ಹಾಗೇ ಉಳಿದಿದೆ. ಸಾವಿರಾರು ಕಿಲೋಮೀಟರ್ ದೂರದ ಒಂದು ರಷ್ಯನ್ ಊರಿನ ಹೆಸರನ್ನು ಫ್ರೆಂಚರು ತಮ್ಮ ನಿಲ್ದಾಣಕ್ಕೆ ಯಾಕಿಟ್ಟರು? ಆಗ ಅವರ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕೆ ಲೆಕ್ಕವೇ ಇದೆ.

ಐಫಾಪ್ ಎಂಬುದು ಫ್ರಾನ್ಸ್‌ನ ಹಳೆಯ ಜನಾಭಿಪ್ರಾಯ ಸಂಸ್ಥೆ. 1938ರಲ್ಲಿ ಶುರುವಾದದ್ದು. ಜರ್ಮನಿ ಶರಣಾದ 1945ರ ಮೇ ತಿಂಗಳಲ್ಲಿ ಅದು ಜನರಿಗೆ ಒಂದು ಪ್ರಶ್ನೆ ಕೇಳಿತು: ಜರ್ಮನಿಯನ್ನು ಸೋಲಿಸಿದ್ದರಲ್ಲಿ ಯಾವ ದೇಶದ ಪಾಲು ಎಲ್ಲಕ್ಕಿಂತ ದೊಡ್ಡದು? ಶೇ. 57 ಜನ ಸೋವಿಯತ್ ಒಕ್ಕೂಟ ಎಂದರು. ಅಮೆರಿಕ ಎಂದವರು ಶೇ. 20. ಬ್ರಿಟನ್ ಎಂದವರು ಶೇ. 12.

ಅದೇ ಪ್ರಶ್ನೆಯನ್ನು 1994ರಲ್ಲಿ ಮತ್ತೆ ಕೇಳಿದರು. ಅಮೆರಿಕಕ್ಕೆ ಶೇ. 49, ಸೋವಿಯತ್ ಒಕ್ಕೂಟಕ್ಕೆ ಶೇ. 25. 2004ರಲ್ಲಿ ಅಮೆರಿಕ ಶೇ. 58, ಸೋವಿಯತ್ ಶೇ. 20. ಅರವತ್ತು ವರ್ಷಗಳಲ್ಲಿ ಉತ್ತರ ಪೂರ್ತಿ ತಲೆಕೆಳಗಾಗಿತ್ತು.

ನನಗೆ ಇದು ತುಂಬಾ ಕಾಡುವ ಲೆಕ್ಕ. ಒಂದು ದೇಶ ಬದಲಾದರೆ ಅದರ ಬಗ್ಗೆ ನಮ್ಮ ಅಭಿಪ್ರಾಯವೂ ಬದಲಾಗುತ್ತದೆ, ಅದು ಸಹಜ. ಆದರೆ ಇಲ್ಲಿ ಕೇಳಿದ್ದು ಮುಗಿದುಹೋದ ಯುದ್ಧದ ಬಗ್ಗೆ. ಮುಗಿದದ್ದು ಬದಲಾಗುವುದಿಲ್ಲ ಅಲ್ವಾ? 1941ರ ಜೂನ್‌ನಲ್ಲಿ ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ದಾಳಿ ಮಾಡಿದ ನಂತರ ಅದರ ಸೈನ್ಯದ ಬಹುಪಾಲು ಸಿಕ್ಕಿಕೊಂಡಿದ್ದು, ಸತ್ತಿದ್ದು ಪೂರ್ವದ ರಣರಂಗದಲ್ಲೇ. ನಾಗರಿಕರನ್ನೂ ಸೇರಿಸಿದರೆ ಸೋವಿಯತ್ ಒಕ್ಕೂಟ ಸುಮಾರು 2.7 ಕೋಟಿ ಜನರನ್ನು ಕಳೆದುಕೊಂಡಿತು. 1945ರಲ್ಲೂ 2004ರಲ್ಲೂ ಈ ಸಂಗತಿ ಒಂದೇ.

ಹಾಗಾದರೆ ಬದಲಾದದ್ದೇನು? ಮೊದಲನೆಯದು, ಕಣ್ಣೆದುರು ಇದ್ದದ್ದು. 1945ರ ಫ್ರೆಂಚರು ವರ್ಷಗಟ್ಟಲೆ ರೇಡಿಯೊ, ಪತ್ರಿಕೆಗಳಲ್ಲಿ ಸೋವಿಯತ್ ಒಕ್ಕೂಟದ ಕೆಂಪು ಸೇನೆ ಒಂದೊಂದೇ ಊರು ಹಿಡಿಯುತ್ತಾ ಬರ್ಲಿನ್ ಕಡೆಗೆ ಬರುವುದನ್ನು ಹಿಂಬಾಲಿಸಿದ್ದರು. ಅದೇ ವರ್ಷದ ಅಕ್ಟೋಬರ್ ಚುನಾವಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಮತ ಪಡೆದದ್ದು ಅಲ್ಲಿನ ಕಮ್ಯುನಿಸ್ಟ್ ಪಕ್ಷ. ಆಮೇಲೆ ಶೀತಲ ಸಮರ ಬಂತು. ಯುರೋಪನ್ನು ಮತ್ತೆ ಕಟ್ಟಲು ಅಮೆರಿಕ ಕೊಟ್ಟ ಮಾರ್ಷಲ್ ಯೋಜನೆಯ ಹಣ ಬಂತು. 1956ರಲ್ಲಿ ಹಂಗೇರಿಯ ಬೀದಿಗಳಿಗೂ 1968ರಲ್ಲಿ ಪ್ರಾಗ್ ನಗರಕ್ಕೂ ಸೋವಿಯತ್ ಟ್ಯಾಂಕುಗಳು ನುಗ್ಗಿದವು. ಹಾಲಿವುಡ್ ಸಿನಿಮಾಗಳೂ ಬಂದವು. 1946ರಲ್ಲಿ ಫ್ರಾನ್ಸ್ ತನ್ನ ಸಾಲದ ಹೊರೆ ಇಳಿಸಿಕೊಳ್ಳಲು ಅಮೆರಿಕದ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ, ಫ್ರೆಂಚ್ ಚಿತ್ರಮಂದಿರಗಳ ಬಾಗಿಲು ಅಮೆರಿಕನ್ ಚಿತ್ರಗಳಿಗೆ ತೆರೆಯುವ ಮಾತೂ ಇತ್ತು.

ಇನ್ನೊಂದು ಸರಳ ಕಾರಣವೂ ಇದೆ ಎಂದು ನನಗನ್ನಿಸುತ್ತದೆ. 1944ರಲ್ಲಿ ಅಮೆರಿಕ ಮತ್ತು ಮಿತ್ರದೇಶಗಳ ಸೈನ್ಯ ಬಂದಿಳಿದ ನಾರ್ಮಂಡಿ ಇರುವುದು ಫ್ರಾನ್ಸ್‌ನಲ್ಲೇ. ಅಲ್ಲಿನ ಕಡಲ ದಂಡೆಯ ಮೇಲಿನ ಸ್ಮಶಾನದಲ್ಲಿ 9,000ಕ್ಕೂ ಹೆಚ್ಚು ಅಮೆರಿಕನ್ ಸಮಾಧಿಗಳಿವೆ. ಅಪ್ಪ ಅಮ್ಮ ಮಕ್ಕಳನ್ನು ಕರೆದುಕೊಂಡು ಹೋಗಿ ಆ ಬಿಳಿ ಶಿಲುಬೆಗಳ ಸಾಲನ್ನು ತೋರಿಸಬಹುದು. ಸ್ಟಾಲಿನ್‌ಗ್ರಾಡ್ ತೋರಿಸಬೇಕೆಂದರೆ ಅವರ ಬಳಿ ಇರುವುದು ಮೆಟ್ರೊ ನಿಲ್ದಾಣದ ಹೆಸರು ಮಾತ್ರ.

ಎರಡನೆಯದು ಇದಕ್ಕಿಂತ ಮುಖ್ಯ, ಆದರೆ ನಾವು ಮರೆತೇಬಿಡುವ ವಿಷಯ. ಉತ್ತರ ಕೊಟ್ಟವರೇ ಬೇರೆ! 1945ರಲ್ಲಿ 20 ವರ್ಷದ ಹುಡುಗಿ 2004ರ ಹೊತ್ತಿಗೆ 79ರ ಅಜ್ಜಿ. 2004ರಲ್ಲಿ ಉತ್ತರಿಸಿದ ಹೆಚ್ಚಿನವರು ಯುದ್ಧ ಮುಗಿದಾಗ ಹುಟ್ಟೇ ಇರಲಿಲ್ಲ. ಅಂದರೆ ಒಬ್ಬರೂ ಮನಸ್ಸು ಬದಲಾಯಿಸದೇ ಇದ್ದರೂ ಒಂದು ದೇಶದ ಒಟ್ಟು ಅಭಿಪ್ರಾಯ ಬದಲಾಗಬಹುದು. ಹಳಬರು ತೀರಿಕೊಳ್ಳುತ್ತಾರೆ. ಬೇರೆ ನೆನಪುಗಳ ಜೊತೆ ಬೆಳೆದವರು ಅವರ ಜಾಗಕ್ಕೆ ಬರುತ್ತಾರೆ. ಸಮಾಜ ವಿಜ್ಞಾನಿಗಳು ಇದನ್ನು ತಲೆಮಾರಿನ ಪರಿಣಾಮ ಎನ್ನುತ್ತಾರೆ.

ನಮ್ಮಲ್ಲೂ ಇದರ ನೆರಳು ಕಾಣುತ್ತದೆ. ಸೋವಿಯತ್ ಕಾಲದಲ್ಲಿ ಮಾಸ್ಕೊದಲ್ಲಿ ಅಚ್ಚಾದ ಕನ್ನಡ ಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತಿದ್ದವು. ಗಟ್ಟಿ ರಟ್ಟು, ಬಣ್ಣದ ಚಿತ್ರಗಳು. ಅವನ್ನು ಓದಿ ಬೆಳೆದವರು ರಷ್ಯಾ ಎಂದಾಗ ನೆನೆಯುವುದೇ ಬೇರೆ, ಅವರ ಮಕ್ಕಳು ನೆನೆಯುವುದೇ ಬೇರೆ.

ಒಂದು ತೊಡಕಿದೆ. ಅಭಿಪ್ರಾಯ ಬದಲಾಗಲು ಮೂರು ದಾರಿ: ವಯಸ್ಸಾಗುತ್ತಾ ಮನಸ್ಸು ಬದಲಾಗುವುದು, ಆ ಕಾಲದ ಘಟನೆಗಳು ಎಲ್ಲ ವಯಸ್ಸಿನವರನ್ನೂ ತಟ್ಟುವುದು, ಮತ್ತು ತಲೆಮಾರು ಬದಲಾಗುವುದು. ಈ ಮೂರನ್ನು ಲೆಕ್ಕದಲ್ಲಿ ಪೂರ್ತಿ ಬೇರ್ಪಡಿಸಲು ಆಗುವುದಿಲ್ಲ. ಯಾಕೆಂದರೆ ಈಗಿನ ವರ್ಷದಲ್ಲಿ ಹುಟ್ಟಿದ ವರ್ಷ ಕಳೆದರೆ ವಯಸ್ಸು ಬಂದುಬಿಡುತ್ತದೆ. ಎರಡು ಗೊತ್ತಾದರೆ ಮೂರನೆಯದು ತಾನೇ ನಿಗದಿಯಾಗುತ್ತದೆ. ಅದಕ್ಕೇ ಸಂಶೋಧಕರು ಅದೇ ಜನರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಕೇಳುವ ಅಧ್ಯಯನಗಳನ್ನೂ ಮಾಡುತ್ತಾರೆ. ಅದರಿಂದಲೂ ಗಂಟು ಪೂರ್ತಿ ಬಿಡುವುದಿಲ್ಲ, ಆದರೆ ಯಾರು ಮನಸ್ಸು ಬದಲಾಯಿಸಿದರು ಎಂಬುದಾದರೂ ನೇರವಾಗಿ ಕಾಣುತ್ತದೆ.

ಕೆಲವು ಬದಲಾವಣೆಗಳಿಗೆ ತಲೆಮಾರು ಬೇಕಾಗಿಲ್ಲ, ಒಂದು ವರ್ಷ ಸಾಕು. 2002ರ ಫೆಬ್ರವರಿಯಲ್ಲಿ ಅಮೆರಿಕದ ಗ್ಯಾಲಪ್ ಸಂಸ್ಥೆಯ ಸಮೀಕ್ಷೆಯಲ್ಲಿ ಶೇ. 79 ಅಮೆರಿಕನ್ನರಿಗೆ ಫ್ರಾನ್ಸ್ ಬಗ್ಗೆ ಒಳ್ಳೆಯ ಅಭಿಪ್ರಾಯ ಇತ್ತು. 2003ರ ಮಾರ್ಚ್‌ನಲ್ಲಿ ಅದು ಶೇ. 34. ಇರಾಕ್ ಯುದ್ಧವನ್ನು ಫ್ರಾನ್ಸ್ ವಿರೋಧಿಸಿತ್ತು, ಅಷ್ಟೇ. ಅಮೆರಿಕದ ಸಂಸತ್ತಿನ ಕ್ಯಾಂಟೀನುಗಳಲ್ಲಿ ಫ್ರೆಂಚ್ ಫ್ರೈಸ್ ಹೆಸರು ಅಳಿಸಿ ಫ್ರೀಡಂ ಫ್ರೈಸ್ ಎಂದು ಬರೆದರು. ಮೂರು ವರ್ಷದ ನಂತರ ಹಳೆಯ ಹೆಸರು ವಾಪಸ್ ಬಂತು. ನಿಧಾನವಾಗಿ ಅಭಿಪ್ರಾಯವೂ ಹಳೆಯ ಮಟ್ಟಕ್ಕೆ ಮರಳಿತು.

ಚೀನಾ ವಿಷಯದಲ್ಲಿ ಹಾಗಾಗಲಿಲ್ಲ. 1989ರ ಆರಂಭದಲ್ಲಿ ಶೇ. 72 ಅಮೆರಿಕನ್ನರು ಚೀನಾವನ್ನು ಮೆಚ್ಚುತ್ತಿದ್ದರು. ಜೂನ್‌ನಲ್ಲಿ ಬೀಜಿಂಗ್‌ನ ತಿಯಾನನ್‌ಮೆನ್ ಚೌಕದ ಸುತ್ತಮುತ್ತ ಪ್ರತಿಭಟನಕಾರರ ಮೇಲೆ ಸೈನ್ಯ ಗುಂಡು ಹಾರಿಸಿತು. ಆಗಸ್ಟ್ ಹೊತ್ತಿಗೆ ಶೇ. 34. ಮುಂದಿನ ಮೂವತ್ತು ವರ್ಷಗಳಲ್ಲಿ ಏರಿಳಿತ ಇತ್ತು, 2018ರಲ್ಲಿ ಶೇ. 53ರವರೆಗೂ ಹೋಯಿತು, ಆದರೆ ಆ 72 ಮತ್ತೆ ಬರಲೇ ಇಲ್ಲ. 2023ರಲ್ಲಿ ಶೇ. 15ಕ್ಕೆ ಇಳಿಯಿತು. ಫ್ರಾನ್ಸ್ ಜೊತೆಗಿದ್ದದ್ದು ಒಂದು ವಿಷಯದ ಜಗಳ. ಜಗಳ ಹಳತಾದ ಮೇಲೆ ಕೆಳಗಿದ್ದ ಹಳೆಯ ಸ್ನೇಹ ಮತ್ತೆ ಮೇಲೆ ಬಂತು. ಚೀನಾ ಮೇಲಿನ ಮೆಚ್ಚುಗೆಗೆ ಅಷ್ಟು ಆಳದ ಬೇರು ಇರಲಿಲ್ಲ. ಈ ಅಂಕಿಗಳನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ.

ಪ್ರಶ್ನೆ ಕೇಳುವ ಕ್ರಮದಿಂದಲೂ ಉತ್ತರ ಬದಲಾಗಬಹುದು. ಅದಕ್ಕೆ ಒಂದು ಪ್ರಯೋಗ ಹೇಳಲೇಬೇಕು. 1948ರಲ್ಲಿ ಹರ್ಬರ್ಟ್ ಹೈಮನ್ ಮತ್ತು ಪಾಲ್ ಶೀಟ್ಸ್‌ಲಿ ಎಂಬ ಸಂಶೋಧಕರು ಅಮೆರಿಕನ್ನರಿಗೆ ಕೇಳಿದರು: ಬೇರೆ ದೇಶಗಳ ಕಮ್ಯುನಿಸ್ಟ್ ಪತ್ರಕರ್ತರು ಇಲ್ಲಿಗೆ ಬಂದು ತಾವು ಕಂಡಂತೆ ಸುದ್ದಿ ಕಳಿಸಲು ಬಿಡಬೇಕೇ? ಈ ಪ್ರಶ್ನೆಯನ್ನೇ ಮೊದಲು ಕೇಳಿದಾಗ ಶೇ. 36 ಜನ ಹೌದು ಎಂದರು. ಇನ್ನೊಂದು ಗುಂಪಿಗೆ ಮೊದಲು ಬೇರೆ ಪ್ರಶ್ನೆ ಹಾಕಿದರು: ರಷ್ಯಾದಂಥ ಕಮ್ಯುನಿಸ್ಟ್ ದೇಶ ನಮ್ಮ ಪತ್ರಕರ್ತರನ್ನು ಒಳಗೆ ಬಿಡಬೇಕೇ? ಬಿಡಬೇಕು ಎಂದು ಹೆಚ್ಚಿನವರು ಹೇಳಿದರು. ಆಮೇಲೆ ಅವರ ಪತ್ರಕರ್ತರ ಪ್ರಶ್ನೆ ಬಂದಾಗ ಶೇ. 73 ಜನ ಹೌದು ಎಂದರು. ನಮಗೊಂದು, ಅವರಿಗೊಂದು ಅನ್ನಲು ಬಾಯಿ ಬರಲಿಲ್ಲ.

ಅದೇ ದೇಶ, ಅದೇ ಥರದ ಜನ, ಅದೇ ಪ್ರಶ್ನೆ. ಸುಮ್ನೆ ಪ್ರಶ್ನೆಗಳ ಕ್ರಮ ಬದಲಿಸಿದ್ದಕ್ಕೆ ಹೌದು ಎಂದವರು ಎರಡು ಪಟ್ಟು.

1980ರಲ್ಲಿ ಹೊವರ್ಡ್ ಶೂಮನ್ ಮತ್ತು ಸ್ಟ್ಯಾನ್ಲಿ ಪ್ರೆಸರ್ ಇದನ್ನೇ ಮತ್ತೆ ಮಾಡಿ ನೋಡಿದರು. ಆ ಮೂವತ್ತು ವರ್ಷಗಳಲ್ಲಿ ಒಂದು ತಲೆಮಾರು ಹೋಗಿ ಇನ್ನೊಂದು ಬಂದಿತ್ತು. ಅಮೆರಿಕನ್ ಪತ್ರಕರ್ತರ ಪ್ರಶ್ನೆ ಮೊದಲು ಬಂದಾಗ ಹೌದು ಎಂದವರು ಸುಮಾರು ಶೇ. 75, ಹೆಚ್ಚುಕಡಿಮೆ ಹಿಂದಿನಷ್ಟೇ. ಕಮ್ಯುನಿಸ್ಟ್ ಪತ್ರಕರ್ತರ ಪ್ರಶ್ನೆಯನ್ನೇ ನೇರವಾಗಿ ಕೇಳಿದಾಗ ಹೌದು ಎಂದವರು ಈ ಸಲ 36 ಅಲ್ಲ, 55.