4ಕೆ ಟಿವಿ ತಗೊಂಡ್ರೆ ಸೀರಿಯಲ್ಲು ನಿಜವಾಗ್ಲೂ ಚೆನ್ನಾಗ್ ಕಾಣುತ್ತಾ?

ಪ್ರಶ್ನೆ: ಸಕಲೇಶಪುರದ ಹತ್ರ ನಮ್ಮನೆ, ಹಳೇ 32 ಇಂಚಿನ ಟಿವಿ ಇದೆ. ಹಾಸನದ ಶೋರೂಮಲ್ಲಿ 43 ಇಂಚಿನ 4ಕೆ ನೋಡಿದ್ವಿ, ಕಣ್ಣು ಕುಕ್ಕೋ ಹಾಗಿತ್ತು. ಮನೇಲೂ ಹಂಗೇ ಕಾಣುತ್ತಾ, ಇಲ್ಲ ದುಡ್ಡು ದಂಡನಾ?

ಉತ್ತರ: ಶೋರೂಮಲ್ಲಿ ಕಂಡ ಹಾಗಂತೂ ಮನೇಲಿ ಕಾಣಲ್ಲ, ಮೊದಲೇ ಹೇಳ್ಬಿಡ್ತೀನಿ. ಅಲ್ಲಿ ಸಾಮಾನ್ಯವಾಗಿ ಓಡ್ತಿರೋದು 4ಕೆಲೇ ಶೂಟ್ ಮಾಡಿದ ಡೆಮೊ ವಿಡಿಯೋ, ಬ್ರೈಟ್‌ನೆಸ್ಸು ಬಣ್ಣ ಎರಡೂ ಏರಿಸಿಟ್ಟಿರ್ತಾರೆ. ನಿಮ್ಮನೇಲಿ ಓಡೋದು ಡಿಶ್ಶಲ್ಲಿ ಬರೋ ಸೀರಿಯಲ್ಲು, ನ್ಯೂಸು. ಎಸ್‌ಡಿ, ಅಂದ್ರೆ ಎಚ್‌ಡಿ ಅಲ್ಲದ ಸಾಮಾನ್ಯ ಚಾನೆಲ್ಲಿನ ಚಿತ್ರ ಹೆಚ್ಚಂದ್ರೆ 720×576, ಸುಮಾರು 4 ಲಕ್ಷ ಚುಕ್ಕಿ ಅಷ್ಟೇ, 4ಕೆ ಪರದೆ ಮೇಲೆ ಇರೋದು 3840×2160, ಹತ್ರಹತ್ರ 83 ಲಕ್ಷ, ಮಿಕ್ಕಿದ್ದನ್ನೆಲ್ಲ ಟಿವಿ ಅಂದಾಜಲ್ಲೇ ತುಂಬ್ಕೋಬೇಕು, ಅದಕ್ಕೇ ಹೊಸ ದೊಡ್ಡ ಟಿವೀಲಿ ಮುಖಗಳು ಮೇಣ ಸವರಿದ ಹಾಗೆ ಕಾಣೋದು.

ಹೊಸ ಟಿವಿ ತಂದು ಹಿಂದೆ ಅದೇ ಹಳೇ ಸೆಟ್‌ಟಾಪ್ ಬಾಕ್ಸು, ಅದೇ ಕೆಂಪು-ಹಳದಿ-ಬಿಳಿ ಪಿನ್ನಿನ ವೈರು ಚುಚ್ಚಿರೋ ಮನೆಗಳು ಎಷ್ಟಿದಾವೋ! ಆ ಹಳದಿ ಪಿನ್ನಲ್ಲಿ ಎಚ್‌ಡಿ ಬರೋದೇ ಇಲ್ಲ. ಎಚ್‌ಡಿ ಬಾಕ್ಸ್ ಹಾಕ್ಸಿ, ಎಚ್‌ಡಿಎಂಐ ಕೇಬಲ್ ಹಾಕಿ, ನೀವು ನೋಡೋ ಚಾನೆಲ್‌ನ ಎಚ್‌ಡಿ ತಗೊಳ್ಳಿ, ಹಳೇ ಟಿವೀಲೇ ವ್ಯತ್ಯಾಸ ಕಾಣುತ್ತೆ. ಮಳೇಗಾಲದ್ದು ಮಾತ್ರ ಬೇರೆ ಕಥೆ, ಡಿಟಿಎಚ್ ಸಿಗ್ನಲ್ 10 ಗಿಗಾಹರ್ಟ್ಸ್‌ಗಿಂತ ಮೇಲಿನದ್ದು, ಜೋರು ಮಳೆ ಅದನ್ನ ಹೀರ್ಕೊಂಡ್ಬಿಡುತ್ತೆ, ಟಿವಿ ಎಷ್ಟೇ ದುಬಾರಿ ಆದ್ರೂ ನಿಮ್ಮ ಕಡೆ ಜುಲೈನಲ್ಲಿ ನೋ ಸಿಗ್ನಲ್ ಬರೋದು ಬರೋದೇ.

ಇನ್ನು ದೂರ. ಟೇಪ್ ಹಿಡಿದು ಸೋಫಾದಿಂದ ಟಿವಿಗೆ ಎಷ್ಟಡಿ ಅಂತ ಅಳೀರಿ. ಸಾಧಾರಣ ಕಣ್ಣಿಗೆ 43 ಇಂಚಲ್ಲಿ ಫುಲ್ ಎಚ್‌ಡಿಗೂ (1920×1080) 4ಕೆಗೂ ವ್ಯತ್ಯಾಸ ಗೊತ್ತಾಗೋದು ಸುಮಾರು ಐದೂವರೆ ಅಡಿ ಒಳಗೆ ಕೂತ್ರೆ, 55 ಇಂಚಾದ್ರೆ ಏಳಡಿ. ಹಳೇ ಹಂಚಿನ ಮನೆ ಹಾಲಲ್ಲಿ ಹತ್ತು ಹನ್ನೆರಡಡಿ ದೂರ ಕೂರೋರಿಗೆ 4ಕೆಗಿಂತ ನಾಲ್ಕು ಪಟ್ಟು ಚುಕ್ಕಿ ಇರೋ 8ಕೆ ಮಾತಂತೂ ಬೇಡವೇ ಬೇಡ.

ಹಾಗಾದ್ರೆ ಹೊಸ ಟೆಕ್ನಾಲಜಿ ಎಲ್ಲಾ ಸುಳ್ಳಾ? ಖಂಡಿತ ಅಲ್ಲ, ನನ್ನ ಪ್ರಕಾರ ನಿಜವಾಗ್ಲೂ ಕಣ್ಣಿಗೆ ತಟ್ಟೋದು ಚುಕ್ಕಿ ಲೆಕ್ಕ ಅಲ್ಲ, ಕಪ್ಪು. ಓಎಲ್‌ಇಡೀಲಿ ಒಂದೊಂದು ಚುಕ್ಕಿಗೂ ಅದರದ್ದೇ ಬೆಳಕು, ಆರಿಸಿದ್ರೆ ಪೂರ್ತಿ ಕಪ್ಪು, ಎಲ್‌ಇಡಿ ಟಿವೀಲಿ ಹಿಂದೆ ಬ್ಯಾಕ್‌ಲೈಟ್ ಉರೀತಾ ಇರೋದ್ರಿಂದ ರಾತ್ರಿ ಸೀನೆಲ್ಲ ಬೂದಿಬಣ್ಣ. ಲೈಟ್ ಆರಿಸಿ ಸಿನಿಮಾ ನೋಡೋ ಮನೆಯಾದ್ರೆ ಅದು ಎಷ್ಟು ದೂರದಿಂದ್ಲೂ ಗೊತ್ತಾಗುತ್ತೆ. ಬೆಲೆ ಜಾಸ್ತಿ, ನಿಜ. ಎಚ್‌ಡಿಆರ್, ಅಂದ್ರೆ ಬೆಳಕು-ಕತ್ತಲೆಯ ವ್ಯತ್ಯಾಸ ಇನ್ನೂ ಚೆನ್ನಾಗ್ ತೋರಿಸೋದು, ಅದೂ ಒಳ್ಳೇದೇ, ಆದ್ರೆ ಪರದೆಗೆ ಅಷ್ಟು ಬೆಳಕು ಕೊಡೋ ತಾಕತ್ತು ಇರ್ಬೇಕು, ಕಮ್ಮಿ ರೇಟಿನ ಟಿವೀಲಿ ಅದು ಡಬ್ಬದ ಮೇಲಿನ ಸ್ಟಿಕ್ಕರ್ರು ಅಷ್ಟೇ.

ತಗೊಂಡ ದಿನಾನೇ ಒಂದು ಕೆಲಸ ಮಾಡಿ, ದಯವಿಟ್ಟು. ಸೆಟ್ಟಿಂಗ್ಸ್‌ಗೆ ಹೋಗಿ ಪಿಕ್ಚರ್ ಮೋಡು ವಿವಿಡ್ ಇದ್ರೆ ಮೂವಿ ಅಥವಾ ಸಿನಿಮಾ ಮಾಡಿ. ಮೋಷನ್ ಸ್ಮೂದಿಂಗ್ ಆಫ್ ಮಾಡಿ, ಎಲ್‌ಜೀಲಿ ಟ್ರೂಮೋಷನ್, ಸೋನೀಲಿ ಮೋಷನ್‌ಫ್ಲೋ ಅಂತಿರುತ್ತೆ. ಸಿನಿಮಾ ತೆಗ್ಯೋದು ಸೆಕೆಂಡಿಗೆ 24 ಫ್ರೇಮಲ್ಲಿ, ಟಿವಿ ನಡುನಡುವೆ ತನ್ನದೇ ಫ್ರೇಮ್ ಹುಟ್ಟಿಸಿ ತುರುಕುತ್ತೆ, ಆಮೇಲೆ ಎಂಥಾ ಸಿನಿಮಾನೂ ಮದುವೆ ವಿಡಿಯೋ ಥರ ಕಾಣುತ್ತೆ. ಕ್ರಿಕೆಟ್‌ಗೆ ಬೇಕಾದ್ರೆ ಆನ್ ಮಾಡ್ಕೊಳ್ಳಿ.

ನಿಮ್ಮ ಹಾಲಲ್ಲಿ ಸೋಫಾದಿಂದ ಟಿವಿಗೆ ಎಂಟತ್ತಡಿ ಇದ್ದು ಟಿವಿ ಚೆನ್ನಾಗೇ ಓಡ್ತಿದ್ರೆ ಈಗ 43 ಇಂಚಿನ 4ಕೆಗೆ ದುಡ್ಡು ಹಾಕ್ಬೇಡಿ, ಎಚ್‌ಡಿ ಬಾಕ್ಸು ಜೊತೆಗೊಂದು ಸೌಂಡ್‌ಬಾರ್ (ಟಿವಿ ಕೆಳಗೆ ಇಡೋ ಉದ್ದನೆ ಸ್ಪೀಕರ್) ತಗೊಳ್ಳಿ. ತೆಳ್ಳಗಿನ ಟಿವಿಗಳ ಸ್ಪೀಕರ್ ಕೆಳಗಡೆ ಮುಖ ಮಾಡಿರುತ್ತೆ, ಹಂಚಿನ ಮೇಲೆ ಮಳೆ ಹೊಡೀತಿರುವಾಗ ಮನೇಲಿರೋ ವಯಸ್ಸಾದೋರಿಗೆ ಡೈಲಾಗ್ ಒಂದೂ ಕೇಳಲ್ಲ.